ಖರೀದಿದಾರರ ಹೆಸರು

ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿರುವ ಸ್ವಾಮಿ ಗ್ರಾಫಿಕ್ಸ್‌ಗೆ ಇವತ್ತಿಗೂ ಕರೆಂಟ್ ಬಿಲ್ಲು ವೀರಭದ್ರಸ್ವಾಮಿಯವರ ಹೆಸರಿಗೆ ಬರುತ್ತದೆ. ಅವರು ತೀರಿಕೊಂಡದ್ದು ೨೦೦೩ರಲ್ಲಿ. ಅಂಗಡಿಯ ಪರವಾನಗಿ, ನಲ್ಲಿಯ ಕಂದಾಯ, ಮನೆಯ ಗ್ಯಾಸ್ ಪುಸ್ತಕ ಎಲ್ಲವೂ ಅವರ ಹೆಸರಿನಲ್ಲೇ ಇವೆ. ಮರೆತು ಬಿಟ್ಟದ್ದಲ್ಲ. ಅವರ ಹೆಂಡತಿ ಪುಟ್ಟಮಲ್ಲಮ್ಮನವರಿಗೆ ಈಗ ಎಂಬತ್ತನಾಲ್ಕು. ಅವರು ಇರುವ ತನಕ ಯಜಮಾನರ ಹೆಸರನ್ನು ಎಲ್ಲಿಂದಲೂ ತೆಗೆಸುವುದಿಲ್ಲ ಎಂಬುದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಯಾರೂ ಮೀರದ ಏರ್ಪಾಡು.

ಅಂಗಡಿಯನ್ನು ಇಪ್ಪತ್ತೆರಡು ವರ್ಷ ನಡೆಸಿದ ಅವರ ಮಗ ಮಹದೇವಪ್ರಸಾದ ನನ್ನ ಗೆಳೆಯ. ಈ ಜನವರಿಯಲ್ಲಿ ಅವನೂ ಹೋದ. ಅವನ ಸ್ವಂತ ಹೆಸರಿನಲ್ಲಿ ಇದ್ದದ್ದು ಒಂದು ಸ್ಕೂಟರ್ ಮತ್ತು ಒಂದು ಮತದಾರರ ಚೀಟಿ.

ಅವನು ಮಾಡುತ್ತಿದ್ದದ್ದು ಮಾತ್ರ ಹೆಸರುಗಳ ಕೆಲಸವೇ. ಮದುವೆ, ಗೃಹಪ್ರವೇಶ, ಶಿವಗಣಾರಾಧನೆ, ತಿಥಿ ಯಾವುದೇ ಇರಲಿ, ಸುತ್ತಲ ಊರುಗಳ ಆಹ್ವಾನಪತ್ರಿಕೆಗಳು ಅವನಲ್ಲೇ ಆಗುತ್ತಿದ್ದವು. ಅಪ್ಪನ ಕಾಲದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದರು. ಇವನು ಕಂಪ್ಯೂಟರ್ ತಂದ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ಸಂಜೆ ಶಾಲೆ ಬಿಟ್ಟ ಮೇಲೆ ಅವನ ಅಂಗಡಿಯಲ್ಲಿ ಕೂತು ಪ್ರೂಫ್ ನೋಡುತ್ತಿದ್ದೆ. ಕೂಲಿ ಎರಡು ಟೀ. ನಿವೃತ್ತಿಯಾದ ಮೇಲೆ ಬೆಳಿಗ್ಗೆಯೂ ಹೋಗತೊಡಗಿದೆ. ಆಗ ಟೀ ನಾಲ್ಕಾಯಿತು.

ಕಾರ್ಡು ಮಾಡಿಸಲು ಬಂದವರಿಗೆ ಗಂಡು ಹೆಣ್ಣಿನ ಹೆಸರು, ಮುಹೂರ್ತ, ಛತ್ರ ಇವು ಐದು ನಿಮಿಷದ ಕೆಲಸ. ಕಷ್ಟವಿರುವುದು ಕೆಳಗೆ, ‘ತಮ್ಮ ಆಗಮನವನ್ನು ಬಯಸುವವರು’ ಎಂಬಲ್ಲಿ. ಯಾರ ಹೆಸರು ಮೊದಲು, ಯಾರ ಹೆಸರಿನ ಪಕ್ಕ ಯಾರು, ಬೇರೆಯಾದ ತಮ್ಮನನ್ನು ಹಾಕಬೇಕೋ ಬೇಡವೋ, ಹಾಕಿದರೆ ಅವನ ಹೆಂಡತಿಯ ತವರಿನವರನ್ನು ಎಲ್ಲಿ ಇಡಬೇಕು. ಬೆಂಚಿನ ಮೇಲೆ ಕೂತು ಮನೆಯವರು ಮಧ್ಯಾಹ್ನದವರೆಗೂ ವಾದಿಸುತ್ತಿದ್ದರು. ಮಹದೇವಪ್ರಸಾದ ಮೌಸಿನ ಮೇಲೆ ಕೈಯಿಟ್ಟು ಕಾಯುತ್ತಿದ್ದ. ಒಮ್ಮೆ ತೀರ್ಮಾನವಾದರೆ ಆ ಕಡತ ಅವನಲ್ಲಿ ಉಳಿಯುತ್ತಿತ್ತು. ಐದು ವರ್ಷದ ಮೇಲೆ ಅದೇ ಮನೆಯವರು ಬಂದು “ಹೋದ್ಸಲದ್ದೇ ಹಾಕ್ಬುಡಪ್ಪ” ಅನ್ನುತ್ತಿದ್ದರು. ಅವನು ಕಡತ ತೆರೆದು, ಆ ನಡುವೆ ತೀರಿಕೊಂಡವರ ಹೆಸರನ್ನು, ಯಾರೂ ಹೇಳದಿದ್ದರೂ, ಕೆಳಗಿನ ಪಟ್ಟಿಯಿಂದ ತೆಗೆದು ಮೇಲೆ ದೇವರ ಹೆಸರಿನ ಕೆಳಗೆ ‘ಲಿಂಗೈಕ್ಯ’ ಎಂದು ಸೇರಿಸುತ್ತಿದ್ದ. ಗೌಡರ ಮನೆಯಾದರೆ ‘ದಿವಂಗತ’. ಯಾರು ಯಾವಾಗ ಹೋದರು ಎಂಬುದು ಅವನಿಗೆ ಗೊತ್ತಿರುತ್ತಿತ್ತು, ಏಕೆಂದರೆ ಆ ಕಾರ್ಡನ್ನೂ ಅವನೇ ಮಾಡಿರುತ್ತಿದ್ದ.

ಹೀಗೆ ಸಾವಿರದ ನಾನೂರ ಹನ್ನೆರಡು ಮನೆಗಳ ಕಡತಗಳು ಅವನಲ್ಲಿದ್ದವು. ಅವುಗಳಲ್ಲಿ ತಾತನಿಂದ ಮೊಮ್ಮಗಳವರೆಗೆ ಎಲ್ಲರೂ ತಂತಮ್ಮ ಜಾಗದಲ್ಲಿದ್ದರು.

ಈ ಕಡತಗಳೆಲ್ಲ ಒಂದು ಕನ್ನಡ ತಂತ್ರಾಂಶದಲ್ಲಿದ್ದವು. ೨೦೧೨ರಲ್ಲಿ ಅವನು ಅದನ್ನು ಅಂತರಜಾಲದಲ್ಲಿ ಕೊಂಡುಕೊಂಡ. ಸಿ.ಡಿ. ಕಳಿಸಿಕೊಡಿ ಎಂದು ಕೇಳಿದಾಗ ಕಂಪನಿಯವರು, ಬೇಡ, ನೀವು ಕೊಂಡಿದ್ದು ಯಾವತ್ತಿಗೂ ನಿಮ್ಮದೇ, ಎಷ್ಟು ಸಲ ಬೇಕಾದರೂ ಬಂದು ಇಳಿಸಿಕೊಳ್ಳಿ ಎಂದು ಪತ್ರ ಬರೆದಿದ್ದರು. ಆ ಪತ್ರವನ್ನು ಅವನು ಅಚ್ಚು ಹಾಕಿ ಫೈಲಿನಲ್ಲಿಟ್ಟಿದ್ದ. ಕೊಳ್ಳುವಾಗ ಪರದೆಯ ಮೇಲೆ ಒಂದು ಅರ್ಜಿ ಬಂತು. ‘ಖರೀದಿದಾರರ ಹೆಸರು’ ಎಂಬಲ್ಲಿ ಅವನು ‘ಶ್ರೀ ವೀರಭದ್ರಸ್ವಾಮಿ’ ಎಂದು ಬರೆದ. ನಾನು ಪಕ್ಕದಲ್ಲೇ ಇದ್ದೆ. ನನಗೂ ಏನೂ ಅನ್ನಿಸಲಿಲ್ಲ. ಆ ಮನೆಗೆ ಏನು ಬಂದರೂ ಆ ಹೆಸರಿಗೇ ಬರುವುದು.

ಹೋದ ವರ್ಷ ಮಾರ್ಚಿನಲ್ಲಿ ಅವನ ಹಳೆಯ ಕಂಪ್ಯೂಟರ್ ನಿಂತಿತು. ಕಡತಗಳನ್ನು ಬೇರೆ ಡಿಸ್ಕಿನಲ್ಲೂ ಇಟ್ಟಿದ್ದರಿಂದ ಅವನು ಗಾಬರಿಯಾಗಲಿಲ್ಲ. ಹೊಸ ಯಂತ್ರ ತಂದು, ತಂತ್ರಾಂಶ ಇಳಿಸಿಕೊಳ್ಳಲು ಕಂಪನಿಯ ತಾಣಕ್ಕೆ ಹೋದ. ಅಷ್ಟರಲ್ಲಿ ಆ ಕಂಪನಿಯನ್ನು ಬೇರೆ ಕಂಪನಿಯವರು ಕೊಂಡಿದ್ದರು. ‘ನಿಮ್ಮ ಖರೀದಿಗಳು’ ಎಂಬ ಪುಟದಲ್ಲಿ ಅವನ ತಂತ್ರಾಂಶದ ಚಿತ್ರ, ಕೊಂಡ ತಾರೀಖು, ಪಕ್ಕದಲ್ಲಿ ಹಸಿರು ಗುರುತು ಎಲ್ಲ ಇತ್ತು. ಇಳಿಸಿಕೊಳ್ಳುವ ಗುಂಡಿ ಇರಲಿಲ್ಲ. ಅದರ ಜಾಗದಲ್ಲಿ, ಈ ಆವೃತ್ತಿ ಈಗ ಲಭ್ಯವಿಲ್ಲ ಎಂದಿತ್ತು. ಹೊಸ ಆವೃತ್ತಿಗೆ ವರ್ಷವರ್ಷ ಚಂದಾ ಕಟ್ಟಬೇಕು. ಅದಕ್ಕೂ ಅವನು ಒಪ್ಪಿದ. ಆದರೆ ಹೊಸದು ಹಳೆಯ ಕಡತಗಳನ್ನು ತೆರೆಯಬೇಕಾದರೆ ಹಳೆಯ ಖರೀದಿದಾರರು ತಾವೇ ಎಂದು ಸಾಬೀತು ಮಾಡಬೇಕಿತ್ತು. ಬೇರೆ ಯಾವ ತಂತ್ರಾಂಶದಲ್ಲಿ ತೆರೆದರೂ ಆ ಕಡತಗಳಲ್ಲಿ ಬರೀ ಚೌಕಗಳು ಕಾಣುತ್ತಿದ್ದವು.

ಅವನು ಸಹಾಯವಾಣಿಗೆ ಫೋನ್ ಮಾಡಿದ. ಅವನ ಮಗಳು ಚೈತ್ರ ಸ್ಪೀಕರ್ ಹಾಕಿದಳು. ಅವಳು ಬಿ.ಕಾಂ. ಮುಗಿಸಿ ಅಂಗಡಿಯಲ್ಲೇ ಕೂರುತ್ತಿದ್ದಳು. ಮೈಸೂರಿಗೆ ಹೋಗು ಎಂದು ನಾವಿಬ್ಬರೂ ಹೇಳಿ ಸೋತಿದ್ದೆವು. ಆ ಕಡೆ ಒಬ್ಬ ಹೆಣ್ಣುಮಗಳು, ಒಳ್ಳೆಯ ಕನ್ನಡ.

“ವೀರಭದ್ರಸ್ವಾಮಿಯವರಾ ಸರ್?”

“ಅಲ್ಲ ಮೇಡಂ. ಅವರ ಮಗ.”

“ಅವರಿಗೆ ಫೋನ್ ಕೊಡ್ತೀರಾ?”

“ಕೊಡಕ್ಕಾಗಲ್ಲ ಮೇಡಂ.”

“ಬ್ಯುಸಿ ಇದ್ದಾರಾ ಸರ್?”

ಅವನು ಸ್ವಲ್ಪ ಯೋಚಿಸಿದ. “ಇಲ್ಲ, ಬ್ಯುಸಿ ಅಂತೇನಿಲ್ಲ” ಅಂದ.

“ಹಾಗಾದ್ರೆ ಒಂದು ವೀಡಿಯೊ ಕಾಲ್‌ಗೆ ಟೈಮ್ ಕೊಡ್ತೀವಿ ಸರ್. ಖರೀದಿದಾರರು ಮುಖ ತೋರಿಸಿ, ಹೆಸರು ಹೇಳಿದ್ರೆ ಸಾಕು.”

ಫೋನ್ ಇಟ್ಟ ಮೇಲೆ ನಾನು ಹೇಳಿದೆ, “ಲೇ, ನೀನೇ ಕೂತ್ಕೊಂಡು ನಾನೇ ವೀರಭದ್ರಸ್ವಾಮಿ ಅಂದ್ಬುಡು. ಅವರಿಗೇನು ಗೊತ್ತಾಯ್ತದೆ.”

“ಅಪ್ಪನ ಹೆಸರು ನನ್ನ ಹೆಸರು ಅಂತ ಹೇಳ್ಕೊಳಕ್ಕಾಯ್ತದೇನೋ ಮೇಷ್ಟ್ರೆ?”

“ಬರೆದಿದ್ದೀಯಲ್ಲ.”

“ಬರೆಯೋದು ಬೇರೆ ಕಣೋ, ಅನ್ನೋದು ಬೇರೆ.”

ನನಗೆ ವ್ಯಾಕರಣ ಗೊತ್ತು, ಈ ವ್ಯತ್ಯಾಸ ಗೊತ್ತಿರಲಿಲ್ಲ.

ಗೊತ್ತುಮಾಡಿದ ದಿನ ಕರೆ ಬಂತು. ಪುಟ್ಟಮಲ್ಲಮ್ಮನವರೂ ಬಂದು ಬೆಂಚಿನ ಮೇಲೆ ಕೂತಿದ್ದರು. ಯಜಮಾನರನ್ನು ಕೇಳಿಕೊಂಡು ಬೆಂಗಳೂರಿಂದ ಫೋನ್ ಬರುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರು. ಪರದೆಯಲ್ಲಿ ಅದೇ ಹೆಣ್ಣುಮಗಳು ಖರೀದಿದಾರರನ್ನು ತೋರಿಸಿ ಎಂದಳು. ಮಹದೇವಪ್ರಸಾದ ಫೋನನ್ನು ಮೇಲೆತ್ತಿ ಗೋಡೆಯ ಕಡೆ ತಿರುಗಿಸಿದ. ವೀರಭದ್ರಸ್ವಾಮಿಯವರು ವಿಭೂತಿ ಧರಿಸಿ, ಗಂಧದ ಹಾರ ಹಾಕಿಕೊಂಡು, ಚೌಕಟ್ಟಿನೊಳಗಿಂದ ನೋಡುತ್ತಿದ್ದರು.

“ಸರ್, ಫೋಟೊ ಆಗಲ್ಲ. ಲೈವ್ ಆಗಿ ಇರಬೇಕು.”

“ಅದಾಗಲ್ಲ ಮೇಡಂ. ಇಪ್ಪತ್ತೊಂದು ವರ್ಷ ಆಯ್ತು.”

ಆ ಹುಡುಗಿ ಕ್ಷಮೆ ಕೇಳಿದಳು. ನಿಜವಾಗಿ ಬೇಜಾರಾದ ಹಾಗೆ ಕಂಡಿತು. ಮರಣ ಪ್ರಮಾಣಪತ್ರ ಕಳಿಸಿ ಸರ್, ವಾರಸುದಾರರ ಹೆಸರಿಗೆ ಮಾಡಿಸೋಕೆ ನೋಡ್ತೀನಿ ಅಂದಳು. ಪುಟ್ಟಮಲ್ಲಮ್ಮನವರು ಬೆಂಚಿನಿಂದಲೇ, “ಏನಂತೆ ಅವಳು?” ಎಂದು ಕೇಳಿದರು.

“ಅಪ್ಪನ್ನ ನೋಡ್ಬೇಕಿತ್ತಂತೆ ಅವ್ವ.”

“ನೋಡಿದ್ಲಲ್ಲ” ಅಂದರು.

ಪ್ರಮಾಣಪತ್ರ ಕಳಿಸಿದೆವು. ಎಂಟನೆಯ ದಿನ ಉತ್ತರ ಬಂತು. ಇಂಗ್ಲಿಷಿನಲ್ಲಿತ್ತು, ನಾನೇ ಓದಿ ಹೇಳಿದೆ. ಖರೀದಿದಾರರು ಖರೀದಿಗಿಂತ ಒಂಬತ್ತು ವರ್ಷ ಮುಂಚೆಯೇ ನಿಧನರಾಗಿರುವುದು ದಾಖಲೆಯಿಂದ ಕಂಡುಬಂದಿದೆ. ಆದ್ದರಿಂದ ಈ ಖರೀದಿಯನ್ನು ಪರಿಶೀಲನೆಯಲ್ಲಿ ಇಡಲಾಗಿದೆ. ಖಾತೆಯನ್ನು ತಡೆಹಿಡಿಯಲಾಗಿದೆ. ಮುಂದೆ ಏನಾದರೂ ತಿಳಿಸುವುದಿದ್ದರೆ ಖರೀದಿದಾರರು ನೇರವಾಗಿ ಸಂಪರ್ಕಿಸಬಹುದು.

ಅವನು ‘ನಿಮ್ಮ ಖರೀದಿಗಳು’ ಪುಟ ತೆರೆದ. ಚಿತ್ರವೂ ಇರಲಿಲ್ಲ, ಹಸಿರು ಗುರುತೂ ಇರಲಿಲ್ಲ.

“ಮೊದ್ಲು ಇದು ನಮ್ದು ಅಂತನಾದ್ರೂ ಇತ್ತು” ಅಂದ. ಅಷ್ಟೇ ಹೇಳಿ, ಟೀ ತರಿಸಿದ. ಆಮೇಲೆ ಐದಾರು ಪತ್ರ ಬರೆದೆವು. ಪ್ರತಿ ಪತ್ರಕ್ಕೂ ಒಂದು ದೂರಿನ ನಂಬರ್ ಮಾತ್ರ ಬಂತು.

ಮೇ ತಿಂಗಳಲ್ಲಿ ಗಾವಡಗೆರೆಯ ಷಣ್ಮುಖಪ್ಪ ಮೂರನೆಯ ಮಗಳ ಮದುವೆಗೆ ಕಾರ್ಡು ಮಾಡಿಸಲು ಬಂದ. ಮಹದೇವಪ್ರಸಾದ ಕಡತದ ವಿಷಯ ಹೇಳಿ, ಹೆಸರುಗಳನ್ನು ಹೊಸದಾಗಿ ಬರೆಸಿ ಎಂದು ಕೇಳಿದ.

“ನಿನ್ ತಲೇಲೇ ಅವೆಯಲ್ಲಪ್ಪ, ನಂಗೇನು ಕೇಳ್ತೀಯಾ. ನಾನು ಛತ್ರದೋನ ತಾವು ಹೋಗ್ಬೇಕು” ಎಂದು ಹೇಳಿ ಅವನು ಬಸ್ಸು ಹತ್ತಿದ.

ಎರಡು ಮದುವೆಯ ಕಾರ್ಡು ಮಾಡಿದ್ದ ನೆನಪಿನ ಮೇಲೆ ಮಹದೇವಪ್ರಸಾದ ಮೂರನೆಯದನ್ನು ಮಾಡಿದ. ನಾನು ಪ್ರೂಫ್ ನೋಡಿದೆ. ಆರುನೂರು ಕಾರ್ಡು ಅಚ್ಚಾಗಿ ಹೋಯಿತು. ನಾಲ್ಕನೆಯ ದಿನ ಬಿಳಿ ಪಂಚೆಯುಟ್ಟ ಒಬ್ಬ ಮುದುಕರು ಕೋಲೂರಿಕೊಂಡು ಅಂಗಡಿಗೆ ಬಂದರು. ಷಣ್ಮುಖಪ್ಪನ ದೊಡ್ಡಪ್ಪ ಗುರುಮಲ್ಲಪ್ಪನವರು. ಮೇಜಿನ ಮೇಲೆ ಹೊಸ ಕಾರ್ಡು ಇಟ್ಟು, ಮೇಲಿನ ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿ ‘ಲಿಂಗೈಕ್ಯ ಶ್ರೀ ಗುರುಮಲ್ಲಪ್ಪ’ ಎಂದಿತ್ತು.

“ಯಾವತ್ತು ಹೋದೆ, ಹೇಳಪ್ಪ. ಮನೇಲಿ ಯಾರಿಗೂ ಗೊತ್ತಿಲ್ಲ.”

ಮಹದೇವಪ್ರಸಾದ ಎದ್ದು ನಿಂತ. ಅವರ ತಮ್ಮ ಹೋಗಿದ್ದು. ಇವನು ಅಣ್ಣನನ್ನು ಮೇಲೆ ಹಾಕಿದ್ದ. “ನನ್ ತಪ್ಪು ದೊಡ್ಡಪ್ಪ. ತಪ್ಪಾಗೋಯ್ತು.”

“ಆಗ್ಲಿ. ಹಾಲು ಡೈರಿ ತಾವು ಇಬ್ರು ನನ್ ನೋಡಿ ಪಕ್ಕಕ್ಕೋದ್ರು. ಇವರ್ಯಾರು, ಪ್ರೂಫ್ ನೋಡೋ ಮೇಷ್ಟ್ರಾ?”

ನಾನು ಹೌದೆಂದೆ. ನಾನು ಕಾಗುಣಿತ ನೋಡುತ್ತೇನೆ, ಯಾರು ಬದುಕಿದ್ದಾರೆಂದು ನೋಡುವುದಿಲ್ಲ ಎಂದು ಹೇಳಬಹುದಿತ್ತು. ಅದರ ಬದಲು ಟೀ ತರಿಸಿದೆ.

ಗುರುಮಲ್ಲಪ್ಪನವರು ಟೀ ಕುಡಿದರು. ಆಮೇಲೆ ಜೇಬಿನಿಂದ ಎರಡಾಗಿ ಮಡಿಸಿದ ಇನ್ನೊಂದು ಕಾರ್ಡು ತೆಗೆದರು. ೨೦೧೬ರದ್ದು, ಷಣ್ಮುಖಪ್ಪನ ದೊಡ್ಡ ಮಗಳದ್ದು. ಮೂಲೆಗೆ ಹಚ್ಚಿದ ಅರಿಶಿನ ಇನ್ನೂ ಇತ್ತು. “ಇದ್ರಲ್ಲಿ ಸರಿಯಾಗೈತೆ ನೋಡು. ದೇವ್ರ ಗೂಡಲ್ಲಿಟ್ಟಿದ್ದೆ” ಎಂದರು.

ಮಹದೇವಪ್ರಸಾದ ಆ ಕಾರ್ಡನ್ನು ಬಹಳ ಹೊತ್ತು ನೋಡಿದ. ಮದುವೆಯ ಮೊದಲ ಕಾರ್ಡನ್ನು ದೇವರ ಮುಂದಿಟ್ಟು, ಆಮೇಲೆ ಯಾರೂ ಎಸೆಯುವುದಿಲ್ಲ. ನಮ್ಮಲ್ಲಿ ಎಲ್ಲ ಮನೆಯಲ್ಲೂ ಹಾಗೆಯೇ. ನಮ್ಮಿಬ್ಬರಿಗೂ ಅದು ಗೊತ್ತಿತ್ತು. ಎರಡು ತಿಂಗಳಿಂದ ಕಂಪನಿಗೆ ಪತ್ರ ಬರೆಯುತ್ತಿದ್ದೆವು, ಇದು ಹೊಳೆದಿರಲಿಲ್ಲ.

ಮಾರನೆಯ ದಿನದಿಂದ ಊರೂರು ತಿರುಗಿದೆವು. ಅಂಗಡಿ ಚೈತ್ರಳಿಗೆ ಬಿಟ್ಟು, ಅವನ ಸ್ಕೂಟರಿನಲ್ಲಿ ಅವನು ಮುಂದೆ, ನಾನು ಹಿಂದೆ. ಮನೆಗೆ ಹೋಗಿ, ನಿಮ್ಮ ಹಳೇ ಕಾರ್ಡು ಕೊಡಿ, ಫೋಟೊ ತೆಗೆದುಕೊಂಡು ವಾಪಸ್ ಕೊಡ್ತೀವಿ ಎಂದು ಕೇಳುವುದು. ಚೈತ್ರ ಅದನ್ನು ನೋಡಿಕೊಂಡು, ಎಲ್ಲ ಕಡೆ ತೆರೆಯುವಂಥ ಪುಕ್ಕಟೆ ಫಾಂಟಿನಲ್ಲಿ ಮತ್ತೆ ಟೈಪ್ ಮಾಡುತ್ತಿದ್ದಳು. ಜನಕ್ಕೆ ನಮ್ಮ ಮೇಲೆ ಅನುಮಾನ ಬಂತು. ಹುಣಸೂರಿನ ಕಡೆಯ ಒಂದೂರಿನಲ್ಲಿ ನಮ್ಮನ್ನು ಜನಗಣತಿಯವರೆಂದು ಭಾವಿಸಿ ಪಡಿತರ ಚೀಟಿ ತಂದಿಟ್ಟರು. ಎಚ್.ಡಿ. ಕೋಟೆಯ ಒಂದು ಮನೆಯಲ್ಲಿ ಹೆಣ್ಣು ನೋಡಲು ಬಂದವರೆಂದು ಉಪ್ಪಿಟ್ಟು ಮಾಡಿದರು. ಮಹದೇವಪ್ರಸಾದ ಉಪ್ಪಿಟ್ಟು ತಿಂದು ಮುಗಿಸಿ, ಆಮೇಲೆ ವಿಷಯ ಹೇಳಿದ.

ಮಿರ್ಲೆಯ ದೊಡ್ಡತಾಯಮ್ಮ ಹಳೆಯ ಟ್ರಂಕು ತೆರೆದು, ಸೀರೆಗಳ ಕೆಳಗಿನಿಂದ ಕಾರ್ಡುಗಳ ಒಂದು ಕಟ್ಟು ತೆಗೆದಳು. ಅವರ ಮನೆಯದಷ್ಟೇ ಅಲ್ಲ, ಅರ್ಧ ಊರಿನದು ಅಲ್ಲಿತ್ತು.

“ಓದ್ತೀಯಾ ತಾಯಿ ಇವೆಲ್ಲ?” ಎಂದು ಮಹದೇವಪ್ರಸಾದ ಕೇಳಿದ.

“ನಂಗೆಲ್ಲಿ ಓದಕ್ಕೆ ಬತ್ತದಪ್ಪ. ಎಸ್ರು ಅವೆ ಅಂತ ಮಡಗಿವ್ನಿ. ಎಸ್ರಿರೋ ಕಾಗ್ದ ತುಳಿಬಾರ್ದು, ಒಲೆಗಾಕ್ಬಾರ್ದು. ಇನ್ನೇನ್ ಮಾಡ್ಲಿ?”

“ನಾನೂ ಅಂಗೇ ಮಡಗಿದ್ದೆ ಕಣವ್ವ.”

“ಎಲ್ಲಿ ಮಡಗಿದ್ದೆ?”

“ಕಂಪ್ಯೂಟರಲ್ಲಿ.”

“ಬೀಗ ಕಳ್ದೋಯ್ತಾ?”

“ಬೀಗ ಐತೆ. ಬೀಗದ ಕೈ ಅವ್ರತ್ರ ಐತೆ.”

“ನಿನ್ ಪೆಟ್ಗೆ ಕೈ ಅವ್ರಿಗ್ಯಾಕ್ ಕೊಟ್ಟೆಯಪ್ಪ ನೀನು?” ಎಂದಳು.

ಅವನು ಫೋಟೊ ತೆಗೆದು ಕಟ್ಟನ್ನು ಅವಳ ಕೈಗಿಟ್ಟ. ವಾಪಸ್ ಬರುತ್ತಾ ಕೆ.ಆರ್. ನಗರಕ್ಕೆ ಬಂದೆವು. ಅಲ್ಲಿ ಸ್ಕೂಟರ್ ನಿಲ್ಲಿಸಿ, ಎಡಗೈ ಹಿಸುಕಿಕೊಂಡ. ಸ್ವಲ್ಪ ಜೋಮು ಹಿಡಿದದೆ ಅಂದ. ಹಿಂದೆ ಕೂತು ಕೂತು ನನ್ನ ಸೊಂಟ ಹಿಡಿದದೆ ಎಂದು ನಾನು ಹೇಳಿದೆ. ಅದು ಅಕ್ಟೋಬರ್. ಆಗ ನಾನು ಬೇರೆ ಏನಾದರೂ ಹೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಅವನ ಹೆಂಡತಿ ನೀಲಾಂಬಿಕೆಗೂ ಆ ವಿಷಯ ನಾನು ತಿಳಿಸಲಿಲ್ಲ. ಜೋಮು ಎಂದೇ ಅಂದುಕೊಂಡಿದ್ದೆ.

ಡಿಸೆಂಬರ್ ಕೊನೆಗೆ ನಾನೂರ ಆರು ಮನೆಗಳಾಗಿದ್ದವು. ಉಳಿದದ್ದು ಸಾವಿರದ ಆರು. ಬೇಸಿಗೆಯ ಲಗ್ನಗಳಿಗೆ ಮುಂಚೆ ಕೊಡಗಿನ ಗಡಿಯ ಕಡೆಯ ಊರುಗಳನ್ನು ಮುಗಿಸಬೇಕೆಂದು ಅವನು ಒಂದು ಪಟ್ಟಿ ಮಾಡಿದ್ದ. ಕಂಪನಿಯ ವಿಷಯ ಎತ್ತುತ್ತಲೇ ಇರಲಿಲ್ಲ.

ಜನವರಿಯ ಎರಡನೆಯ ವಾರ, ಬೆಳಿಗ್ಗೆ ಹತ್ತೂವರೆಗೆ, ಅಂಗಡಿಯಲ್ಲಿ ಕೂತಿದ್ದವನು ಚೈತ್ರಳಿಗೆ ಫ್ಯಾನ್ ಹಾಕಮ್ಮ ಅಂದ. ಚಳಿ ಇತ್ತು. ಅವಳು ಮುಖ ನೋಡಿ ನನ್ನನ್ನು ಕೂಗಿದಳು. ಮೈಸೂರಿನ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಹೋದೆವು. ದಾರಿಯಲ್ಲಿ ಎಚ್ಚರವಿತ್ತು. ಹುಣಸೂರು ದಾಟುವಾಗ, “ಗಾವಡಗೆರೆ ಕಾರ್ಡು ವಾಪಸ್ ಕೊಟ್ಟಿಲ್ಲ ಕಣೋ” ಅಂದ. ಕೊಡ್ತೀನಿ ಬುಡು ಅಂದೆ. ಮಾರನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಹೋದ. ಐವತ್ತೊಂಬತ್ತು ಆಗಿತ್ತು, ನನಗಿಂತ ಮೂರು ವರ್ಷ ಚಿಕ್ಕವನು.

ಶಿವಗಣಾರಾಧನೆಯ ಕಾರ್ಡನ್ನು ಚೈತ್ರಳೇ ಮಾಡಿದಳು. ಬೇರೆ ಕಡೆ ಕೊಡೋಣ ಎಂದರೆ ಒಪ್ಪಲಿಲ್ಲ. ಅವರ ಮನೆಯ ಕಡತವೂ ಆ ಡಿಸ್ಕಿನೊಳಗೇ ಇತ್ತು, ಚೌಕಗಳಾಗಿ. ಹೀಗಾಗಿ ದೇವರ ಗೂಡಿನಿಂದ ೨೦೦೩ರ ಕಾರ್ಡು, ವೀರಭದ್ರಸ್ವಾಮಿಯವರ ಆರಾಧನೆಯದ್ದು, ತೆಗೆದು ಅದನ್ನು ಮುಂದಿಟ್ಟುಕೊಂಡಳು. ಮೊಳೆ ಅಚ್ಚಿನ ಕೊನೆಯ ಕಾರ್ಡುಗಳಲ್ಲಿ ಅದೊಂದು. ಅದರ ಕೆಳಗಿನ ಪಟ್ಟಿಯಲ್ಲಿ ಮೊದಲ ಹೆಸರು ಮಹದೇವಪ್ರಸಾದನದು. ಅವಳು ಅದನ್ನು ಅಲ್ಲಿಂದ ತೆಗೆದು ಮೇಲೆ ಹಾಕಿದಳು. ನಾನು ಪ್ರೂಫ್ ನೋಡಿದೆ. ಎರಡು ಸಲ ನೋಡಿದೆ. ತಪ್ಪಿರಲಿಲ್ಲ. ಎರಡನೆಯ ಸಲ ನೋಡಿದ್ದು ತಪ್ಪಿಗಾಗಿ ಅಲ್ಲ.

ಆರಾಧನೆಗೆ ಗುರುಮಲ್ಲಪ್ಪನವರು ಬಂದಿದ್ದರು. ೨೦೧೬ರ ಕಾರ್ಡನ್ನು ಅವರಿಗೆ ವಾಪಸ್ ಕೊಟ್ಟೆ. “ಅವನು ನನ್ನನ್ನ ಮೊದ್ಲೇ ಕಳಿಸಿದ್ದ” ಎಂದು ಹೇಳಿ ಕಾರ್ಡನ್ನು ಜೇಬಿಗೆ ಹಾಕಿಕೊಂಡರು.

ಈಗ ನಾನೂ ಚೈತ್ರಳೂ ಭಾನುವಾರ ಹೋಗುತ್ತೇವೆ. ಅವಳು ಸ್ಕೂಟರ್ ಓಡಿಸುತ್ತಾಳೆ, ಅಪ್ಪನಿಗಿಂತ ಜೋರಾಗಿ. ಐನೂರ ಮೂವತ್ತು ಆಗಿದೆ. ಹಳೆಯ ಕಡತಗಳ ಡಿಸ್ಕು ಮೇಜಿನ ಡ್ರಾಯರಿನಲ್ಲಿದೆ. ಕಂಪನಿಯಿಂದ ಆಗಾಗ ವೀರಭದ್ರಸ್ವಾಮಿಯವರ ಹೆಸರಿಗೆ ಪತ್ರ ಬರುತ್ತದೆ, ಹೊಸ ಆವೃತ್ತಿಗೆ ರಿಯಾಯಿತಿ ಇದೆ ಎಂದು.

ಜೂನಿನಲ್ಲಿ ಕೆಲಸ ಹೆಚ್ಚಾಗಿ, ಪುಟ ಕಟ್ಟಲು ಒಂದು ಒಳ್ಳೆಯ ತಂತ್ರಾಂಶ ಬೇಕೇಬೇಕಾಯಿತು. ಚೈತ್ರ ಬೇರೆ ಕಂಪನಿಯದನ್ನು ಹುಡುಕಿದಳು. ಅದರಲ್ಲಿ ಮಾಡಿದ ಕಡತಗಳನ್ನು ಯಾವಾಗ ಬೇಕಾದರೂ ಸಾದಾ ಅಕ್ಷರದಲ್ಲಿ ಹೊರಗೆ ತೆಗೆದಿಟ್ಟುಕೊಳ್ಳಬಹುದು ಎಂಬುದನ್ನು ಮೊದಲು ಖಾತ್ರಿ ಮಾಡಿಕೊಂಡಳು. ಪ್ರತಿ ಶನಿವಾರ ಒಂದೊಂದು ಪ್ರತಿ ಕಾಗದದ ಮೇಲೂ ಅಚ್ಚು ಹಾಕಿ ಇಡುವುದೆಂದು ತೀರ್ಮಾನವಾಯಿತು. ಪುಟ್ಟಮಲ್ಲಮ್ಮನವರು ಬೆಂಚಿನ ಮೇಲೆ ಕೂತಿದ್ದರು. ಮಗ ಹೋದ ಮೇಲೆ ಅವರು ದಿನವೂ ಬಂದು ಕೂರುತ್ತಾರೆ.

“ಅಂಗ್ಡಿ ಯಾರೆಸ್ರಲ್ಲೈತೆ ಈಗ?” ಎಂದು ಕೇಳಿದರು.

“ತಾತನ ಹೆಸರಲ್ಲೇ ಅಜ್ಜಿ.”

“ಇರ್ಲಿ” ಅಂದರು. ಆಮೇಲೆ, “ನನ್ ಮಗನೆಸ್ರಲ್ಲಿ ಏನೂ ಮಾಡ್ಲಿಲ್ಲ ನಾವು” ಅಂದರು.

ಪರದೆಯ ಮೇಲೆ ಅರ್ಜಿ ಬಂತು. ಮೊದಲ ಖಾನೆ, ಖರೀದಿದಾರರ ಹೆಸರು. ಚೈತ್ರ ಅಜ್ಜಿಯ ಕಡೆ ಒಮ್ಮೆ ತಿರುಗಿ ನೋಡಿ, ಕೀಲಿಮಣೆಯ ಮೇಲೆ ಕೈಯಿಟ್ಟಳು. ಅವಳಿಗೆ ಆ ಇಡೀ ವರ್ಷದ ಕಥೆ ಗೊತ್ತು. ಎಲ್ಲ ಪತ್ರಗಳನ್ನು ಅವಳೇ ಕಳಿಸಿದ್ದು. ಆಮೇಲೆ ನಿಧಾನವಾಗಿ ‘ಶ್ರೀ ಮಹದೇವಪ್ರಸಾದ’ ಎಂದು ಟೈಪ್ ಮಾಡಿದಳು.

“ಮಾಮ, ಒಂದ್ಸಲ ನೋಡಿ” ಅಂದಳು.

ಕನ್ನಡಕ ಹಾಕಿಕೊಂಡು ನೋಡಿದೆ. ಕಾಗುಣಿತ ಸರಿಯಾಗಿತ್ತು. ಸರಿಯಾಗಿದೆ ಎಂದು ಹೇಳಿದೆ.